ಕೆ.ಜಿ.ಗೆ ಒಂಬತ್ತು ರೂಪಾಯಿ

ಲ್ಯಾಂಗ್‌ಫರ್ಡ್ ಟೌನಿನ ಆರನೇ ಮಹಡಿಯಿಂದ
ತಿಂಗಳಿಗೊಮ್ಮೆ ಇಳಿಯುತ್ತಿತ್ತು ಅದು
ಅಪ್ಪನ ತಳ್ಳುಗಾಡಿಗೆ,
ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪ.
ರಟ್ಟಿನ ಮೇಲೊಬ್ಬಳು ಹುಡುಗಿ,
ಅವಳ ಒಂದೊಂದು ಕಣ್ಣಲ್ಲೂ
ನೀಲಸಂದ್ರದ ಬೀದಿದೀಪಗಳಿಗಿಂತ ಹೆಚ್ಚು ಬೆಳಕು.

ಜಪಾನಿನವರ ಮನೆ ರದ್ದಿ, ಎಂದ ಅಪ್ಪ.
ಒರಟು ಹಾಳೆ, ತೂಕ ಚೆನ್ನಾಗಿ ಬರುತ್ತೆ.
ಒಂದಷ್ಟು ಪುಟ ಗುಲಾಬಿ, ಒಂದಷ್ಟು ತಿಳಿಹಸಿರು,
ಹಬ್ಬದ ಹಿಂದಿನ ದಿನ
ಬಣ್ಣ ಸಾಲದೆ ಹೋದ ಗೋಡೆಯ ಹಾಗೆ.

ನಾನು ಮೊದಲಿಂದ ಶುರುಮಾಡಿದೆ.
ಮೊದಲಲ್ಲೇ ಕಥೆ ಮುಗಿದಿತ್ತು.
ಅತ್ತವರು ಆಮೇಲೆ ಜಗಳವಾಡಿದರು,
ಜಗಳವಾಡಿದವರು ಆಮೇಲೆ ಪರಿಚಯವಾದರು.

ಪಕ್ಕದ ವಠಾರದ ಫರ್ಹೀನ್ ಬಿದ್ದುಬಿದ್ದು ನಕ್ಕಳು.
'ಉಲ್ಟಾ ಹಿಡಿದಿದ್ದೀಯಲ್ಲೇ,
ಇದು ನಮ್ಮ ಉರ್ದು ಪುಸ್ತಕದ ಥರ'
ಎಂದು ತಿರುಗಿಸಿ
ಬಲಗಡೆಯ ಮೇಲ್ತುದಿಗೆ ಬೆರಳಿಟ್ಟಳು.
ಅಲ್ಲಿ ಒಬ್ಬಳು ಊಟದ ಡಬ್ಬಿ ಹಿಡಿದು
ಶಾಲೆಗೆ ಓಡುತ್ತಿದ್ದಳು.

ಅಕ್ಷರ ಬರದು. ಮಾತಿನ ಗುಳ್ಳೆಗಳನ್ನು ನಾವೇ ತುಂಬಿದೆವು,
ನನ್ನವು ಕನ್ನಡದವು, ಅವಳವು ದಖನಿಯವು.
ಹುಡುಗಿಗೆ ಪಂಕಜ ಎಂದಿಟ್ಟೆ, ಫರ್ಹೀನ್ ಒಪ್ಪಿದಳು.
ಹುಡುಗನ ವಿಷಯಕ್ಕೆ ಎರಡು ದಿನ ಮಾತು ಬಿಟ್ಟೆವು:
ನನಗವನು ಚಂದ್ರಕಾಂತ, ಅವಳಿಗೆ ಇಮ್ತಿಯಾಜ್.
ಕೊನೆಗೆ ಬೆಸ ತಿಂಗಳು ಒಬ್ಬ, ಸರಿ ತಿಂಗಳು ಒಬ್ಬ,
ಹೀಗೆ ರಾಜಿ.
ಪಂಕಜಳಿಗೆ ಇದರಿಂದ ಏನೂ ತೊಂದರೆಯಾಗಲಿಲ್ಲ.
ಯಾರು ಬಂದರೂ ಅವಳ ಹಿಂದೆ
ಎಲ್ಲಿಂದಲೋ ಹೂವು ಉದುರುತ್ತಿದ್ದವು,
ಕ್ಲಾಸಿನಲ್ಲಿ, ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ ಕೂಡ.
'ಇಷ್ಟು ಕಸ ಯಾರು ಗುಡಿಸ್ತಾರೆ?'
ಎಂದಳು ಬೆಳಿಗ್ಗೆ ಮೂರು ರಸ್ತೆ ಗುಡಿಸಿ ಬಂದಿದ್ದ ಅಮ್ಮ.
ಎಂದು, ಪೊರಕೆ ಮೂಲೆಗಿಟ್ಟು
ನಮ್ಮ ನಡುವೆ ಬಂದು ಕೂತಳು.

ಆರನೇ ಮಹಡಿಯ ಹುಡುಗಿಯನ್ನು ನಾವು ನೋಡಲೇ ಇಲ್ಲ.
ಅವಳ ಕತ್ತರಿ ಮಾತ್ರ ಗೊತ್ತು.
ಯಾವುದೋ ಬಹುಮಾನದ ಚೀಟಿಯನ್ನು
ಪ್ರತಿ ತಿಂಗಳೂ ಅಂಚು ತಪ್ಪದೆ ಕತ್ತರಿಸುವಳು.
ಚೀಟಿಯ ಬೆನ್ನಿಗೆ ನಮ್ಮ ಕಥೆ.
ಒಮ್ಮೆ ಚಂದ್ರಕಾಂತನ ಮುಖವೇ ಹೋಯಿತು,
ಏನೋ ಹೇಳಲು ಬಾಯಿ ತೆರೆದಿದ್ದ ಗಳಿಗೆಯಲ್ಲಿ.
ಚೌಕದ ತೂತಿನಾಚೆ ಅಪ್ಪನ ತಕ್ಕಡಿ.
ಲೆಕ್ಕದ ಪುಸ್ತಕದ ಹಾಳೆ ಅಂಟಿಸಿ
ನಾನೇ ಒಬ್ಬನನ್ನು ಬರೆದೆ.
ಮೂಗು ನಮ್ಮ ಸೋದರಮಾವನದಾಯಿತು.

ಹದಿನಾಲ್ಕು ತಿಂಗಳಲ್ಲಿ ಓದಲು ಕಲಿತದ್ದು ಒಂದೇ ಪದ,
ಪ್ರತಿ ಕಂತಿನ ಕೊನೆಯ ಮೂಲೆಯದು:
ಮಲಗಿದ ಒಂದು ಕೊಕ್ಕೆ,
ಮತ್ತದೇ ಕೊಕ್ಕೆ, ತಲೆಯ ಪಕ್ಕ ಎರಡು ಹನಿ,
ಮಡಿಸಿದ ಮೊಣಕಾಲು.
ವಾರಪತ್ರಿಕೆಯ ಧಾರಾವಾಹಿಗಳಲ್ಲಿ ಬೆಳೆದ ಅಮ್ಮ
ನೋಡಿದ ಕೂಡಲೇ ಓದಿದಳು:
'ಸಶೇಷ.'

ಮಾರ್ಚಿನಲ್ಲಿ ಆ ಮನೆಯವರು ತಮ್ಮ ದೇಶಕ್ಕೆ ಹೊರಟರು.
ಕೊನೆಯ ಕಟ್ಟು ಬಂದ ದಿನ ನಮಗೆ ಸಮಾಜ ಪರೀಕ್ಷೆ.
ಬರುವಷ್ಟರಲ್ಲಿ ಅಪ್ಪ ಕೊಟ್ಟಾಗಿತ್ತು
ಜಾನ್ಸನ್ ಮಾರ್ಕೆಟ್ಟಿನ ಬಜ್ಜಿಯವನಿಗೆ.

ಓಡಿದೆವು, ಪಂಕಜಳ ಹಾಗೆಯೇ,
ಹೂವಿಲ್ಲದೆ.
ಎರಡು ರೂಪಾಯಿಗೊಂದು ಮೆಣಸಿನಕಾಯಿ ಬಜ್ಜಿ,
ಒಂದೊಂದನ್ನೂ ಬೇರೆ ಬೇರೆ ಕಟ್ಟಿಕೊಡಿ ಅಂಕಲ್.
ಒಂದರಲ್ಲಿ ರೈಲು. ಒಂದರಲ್ಲಿ ಬರೀ ಮಳೆ.
ಮೂರನೆಯದರಲ್ಲಿ
ಬೇರೆ ಯಾವುದೋ ಕಥೆಯ ಬೆಕ್ಕು.
ಏಳನೆಯದಕ್ಕೆ ದುಡ್ಡು ಮುಗಿಯಿತು,
ಬಿಡಿಸಿದರೆ ಪುಟ ತುಂಬ ಅವಳೊಬ್ಬಳೇ,
ಕಣ್ಣ ಕೆಳಗೆ ಒದ್ದೆ.

'ಅಳ್ತಿದ್ದಾಳೆ,' ಎಂದಳು ಫರ್ಹೀನ್.
'ಎಣ್ಣೆ ಕಣೇ ಅದು.'
ಖಾರಕ್ಕೆ ನಮ್ಮಿಬ್ಬರ ಮೂಗೂ ಸೋರುತ್ತಿತ್ತು.
ಕೆಳಗಿನ ಮೂಲೆ ಹರಿದುಹೋಗಿ
ಒಂದು ಕೊಕ್ಕೆ ಉಳಿದಿತ್ತು,
ಅದರ ಪಕ್ಕದ್ದು ಹನಿಯೋ, ಜಿಡ್ಡೋ.

ಅದು ಬೆಸ ತಿಂಗಳು, ನನ್ನ ಸರದಿ.
ಆದರೂ ಅಂದೆ:
'ಮುಂದಿನ ತಿಂಗಳು
ಇಮ್ತಿಯಾಜ್ ಬರ್ತಾನೆ ಬಿಡು.'