ನೀರೆತ್ತಿ ಹೇಳು

ತೆಲಾವಿಯ ಡಾಕ್ಟರು ಚೀಟಿಯ ಹಿಂದೆ
ಒಂದು ಲೋಟದ ಚಿತ್ರ ಬರೆದು
ಅದರ ಮೇಲೆ ಅಡ್ಡಗೆರೆ ಎಳೆದರು,
ಓದು ಬಾರದವನಿಗೆ ತಿಳಿಸುವ ಹಾಗೆ.
ನೀನು ಅದನ್ನು ನಾಲ್ಕು ಮಡಿಕೆ ಮಾಡಿ
ಕುಂಟುವ ಮೇಜಿನ ಕಾಲಡಿಗೆ ಕೊಟ್ಟೆ, ತಮಾಜ್.
ಈಗ ಮೇಜು ಅಲುಗುವುದಿಲ್ಲ. ಅದೊಂದು ಲಾಭ.

"ನಾನು ಕುಡುಕನಲ್ಲ, ಎತೇರಿ.
ಕುಡುಕ ಒಬ್ಬನೇ ಕುಡಿಯುತ್ತಾನೆ.
ನಾನು ಈ ಊರಿನ ತಮಾದಾ, ಪಂಕ್ತಿಯ ಯಜಮಾನ.
ತೀರಿಹೋದವರಿಗಾಗಿ ಕುಡಿಯುತ್ತೇನೆ,
ಇನ್ನೂ ಹುಟ್ಟದವರಿಗಾಗಿ,
ಗುಡ್ಡದ ದಾರಿಯಲ್ಲಿ ಲಾರಿ ಓಡಿಸುತ್ತಿರುವವರಿಗಾಗಿ.
ನಾನು ಬಟ್ಟಲು ಇಳಿಸಿದರೆ
ಇಡೀ ಮೇಜಿನ ಮಾನ ಇಳಿಯುತ್ತದೆ."

ಯಾರ ಹೆಸರಿಗೆ ಎತ್ತಿದರೂ
ಇಳಿಯುವುದು ನಿನ್ನ ಗಂಟಲಿಗೇ ತಾನೆ?
ತೀರಿಹೋದವರಿಗೆ ಲಿವರ್ ಇಲ್ಲ.

ನಿನ್ನಜ್ಜ ಕುತ್ತಿಗೆವರೆಗೆ ನೆಲದಲ್ಲಿ ಹೂತ ಮಣ್ಣಿನ ಗುಡಾಣಗಳು,
ಏಳು. ಒಂದೊಂದರಲ್ಲೂ ಒಂದಾಳು ನಿಲ್ಲಬಹುದು.
ಬಾಯಿ ಕಿರಿದು, ನಿನ್ನ ಭುಜ ಹಿಡಿಸುವುದಿಲ್ಲ.
ವರ್ಷಕ್ಕೊಮ್ಮೆ ಇಳಿದು
ಚೆರ್ರಿ ತೊಗಟೆಯಿಂದ ಒಳಮೈ ತಿಕ್ಕುವವಳು ನಾನು.
ಅಲ್ಲಿ ಮಾತಾಡಿದರೆ ದನಿ ಹೊರಗೆ ಹೋಗುವುದಿಲ್ಲ,
ಸುತ್ತಿ ಬಂದು ನನ್ನ ಕಿವಿಗೇ ಬಡಿಯುತ್ತದೆ.
ನಿನಗೆ ಹೇಳಬೇಕಾದ್ದನ್ನೆಲ್ಲ ಅಲ್ಲಿ ಹೇಳಿ ಮುಗಿಸಿದ್ದೇನೆ.
ಆಮೇಲೆ ಅದರ ಮೇಲೆ ನಾವಿಬ್ಬರೂ ಸೇರಿ ದ್ರಾಕ್ಷಿ ಸುರಿದಿದ್ದೇವೆ.
ಹೋದ ವರ್ಷದ್ದು ತುಸು ಒಗರು ಅಂದೆಯಲ್ಲ,
ಅದೇ.

ನೋದಾರನ ಮಗಳ ಮದುವೆಯಲ್ಲಿ
ನೀನು ಒಂದೊಂದು ಬಟ್ಟಲು ಮುಗಿಸಿದಾಗ
ಒಂದೊಂದು ಅಕ್ರೋಟು ಜೇಬಿಗೆ ಹಾಕಿಕೊಂಡೆ.
ಹದಿನೇಳನೆಯದು ನನಗೆ.
ಎದ್ದು ನಿಂತು ನನ್ನ ಕೈಗಳ ಬಗ್ಗೆ ಹೇಳಿದೆ,
ಮೂವತ್ತೊಂದು ವರ್ಷದ ಹಿಂದಿನ ಹಿಮದ ಬಗ್ಗೆ,
ಬಸ್ಸು ಕೆಟ್ಟು ನಿಂತಾಗ ನಾನು ಬಿಚ್ಚಿಕೊಟ್ಟ ಮಫ್ಲರಿನ ಬಗ್ಗೆ.
ಹೆಂಗಸರು ಅತ್ತರು. ನಾನೂ ಅತ್ತೆ, ನಾಚಿಕೆಯಿಲ್ಲದೆ.
ಮನೆಗೆ ಬಂದು ನಿನ್ನ ಬೂಟು ಕಳಚುವಾಗ
ಆ ಮಾತಿನ ಒಂದು ತುಣುಕಾದರೂ
ಕೆಸರಿಗೆ ಅಂಟಿಕೊಂಡಿದೆಯೇ ಎಂದು ನೋಡಿದೆ.

ಬೆಳಿಗ್ಗೆ ಜೇಬು ಖಾಲಿ ಮಾಡಿದರೆ ಇಪ್ಪತ್ತಾರು.
ನೀನು "ಹತ್ತು ಇದ್ದೀತು" ಅಂದೆ.
ಒಡೆದು, ದಾರಕ್ಕೆ ಪೋಣಿಸಿ,
ದ್ರಾಕ್ಷಿರಸದ ಗಂಜಿಯಲ್ಲಿ ಅದ್ದಿ ನೇತುಹಾಕಿದೆ.
ನಿನ್ನ ಒಂದು ರಾತ್ರಿ ಒಲೆಯ ಮೇಲೆ ಒಣಗಿತು.
ಮೊಮ್ಮಗ ಕಚ್ಚಿ ತಿಂದು, ಸಿಹಿಯಾಗಿದೆ ಅಜ್ಜಿ, ಅಂದ.

ನಿನ್ನೆ ಕರೆಂಟು ಹೋಗಿತ್ತು.
ನಾವಿಬ್ಬರೇ, ಒಂದು ಮೇಣದಬತ್ತಿ, ಉಪ್ಪು, ಈರುಳ್ಳಿ.
ನಿನ್ನ ಬಟ್ಟಲಿಗೆ ಹೂಜಿಯಿಂದ ನೀರು ಬಗ್ಗಿಸಿದೆ.
ಎತ್ತು, ಅಂದೆ. ಮಫ್ಲರಿನದನ್ನೇ ಹೇಳು. ನನಗೊಬ್ಬಳಿಗೆ.
ನೀನು ನಕ್ಕೆ. "ಬಿಯರ್ ಎತ್ತುವುದು ಹಗೆಗೆ.
ನೀರು ಎತ್ತುವುದು ಯಾರಿಗೂ ಇಲ್ಲ."
ಹಾಗಾದರೆ ಯಾರಿಗೂ ಅಲ್ಲದವಳಿಗೆ ಎತ್ತು, ಅಂದೆ.

ಎತ್ತಿದೆ.
ಕೈ ನಡುಗಿತು. ಅದು ನಡುಗುವುದು ನನಗೆ ಗೊತ್ತಿತ್ತು,
ನಿನಗೂ ಗೊತ್ತು ಎಂಬುದು ಗೊತ್ತಿರಲಿಲ್ಲ.
ಮುನ್ನೂರು ಜನರನ್ನು ಅಳಿಸಿದ ನಾಲಿಗೆ
ಬಾಯೊಳಗೆ ಅಂಚಿಂದ ಅಂಚಿಗೆ ತಡಕಾಡಿತು,
ಕತ್ತಲಲ್ಲಿ ಬೀಗದ ಕೈ ಹುಡುಕುವವನ ಹಾಗೆ.
ಬತ್ತಿ ಎರಡು ಬೆರಳಿನಷ್ಟು ಕರಗಿತು.
ಬೀದಿಯಲ್ಲಿ ಯಾರದೋ ನಾಯಿ, ಆಮೇಲೆ ಅದೂ ಇಲ್ಲ.

"ನೀರು ತಣ್ಣಗಿದೆ" ಅಂದೆ, ಕೊನೆಗೆ.

ನಾನು ನಗಬೇಕಿತ್ತು, ಇಲ್ಲ ಸಿಟ್ಟಾಗಬೇಕಿತ್ತು.
ಹೌದು, ಬಾವಿಯದು, ಅಂದೆ.
ಈರುಳ್ಳಿ ಹೆಚ್ಚಿ ನಿನ್ನ ಕಡೆ ಸರಿಸಿದೆ.

ಇವತ್ತು ಪಕ್ಕದ ಊರಿನ ನಾಮಕರಣಕ್ಕೆ ಕರೆ ಬಂದಿದೆ.
ಬಿಳಿ ಅಂಗಿ ಇಸ್ತ್ರಿ ಮಾಡಿಟ್ಟಿದ್ದೇನೆ.
ನೀನು ಕನ್ನಡಿಯ ಮುಂದೆ ನಿಂತು ತುಟಿ ಅಲುಗಿಸುತ್ತಿದ್ದೀ.
ಮಗುವಿಗೆ ಹೇಳುವ ಮಾತೋ,
ನಿನ್ನೆ ಸಿಗದೇ ಹೋದದ್ದೋ,
ಬಾಗಿಲಾಚೆಯಿಂದ ನನಗೆ ಕೇಳುತ್ತಿಲ್ಲ.
ಜೇಬಿಗೆ ಅಕ್ರೋಟು ಹಾಕಿಕೊಳ್ಳಬೇಕೋ ಬೇಡವೋ
ಅದನ್ನೂ ಇನ್ನೂ ತೀರ್ಮಾನಿಸಿಲ್ಲ.