ಗ್ವಾಡಿಯಿಂದ ಇಳಿಸಿದ್ದು

ಹರಿ ಅಂದರು ಸಾಹೇಬರು, ಸುಣ್ಣ ಹೊಡಿ ಅಂದರು.
ನಾ ಹರೀಲಿಲ್ಲ.
ನಸುಕಿನಾಗ ನೀರು ಹಚ್ಚಿ, ಮೂಲಿ ಉಗುರಿಲೆ ಎಬ್ಬಿಸಿ,
ಮಲಗಿದ ಕೂಸಿನ ಅಂಗಿ ಕಳದಂಗ
ಬಿಡಿಸಿ ತಂದೀನಿ, ಹನ್ನೊಂದು.

ಎಲ್ಲಾದರಾಗೂ ಅಕಿನ: ತಕ್ಕಡಿ ಮುಂದಿಟ್ಟು
ಮಣಕಾಲ ಮಡಚಿ ಕುಂತಾಕಿ.
ಮುಷ್ಟಿ ಎತ್ತಿಲ್ಲ, ಬಾಯಿ ತೆರೆದಿಲ್ಲ.
ಕೆಳಗ ದಪ್ಪಕ್ಷರ: ಕುಂತೀವಿ. ಅಷ್ಟ.

ಒಂದರಾಗ ಮಸಿ ಹೆಚ್ಚು, ಒಂದರಾಗ ತಕ್ಕಡಿ ಮೂಡೇ ಇಲ್ಲ.
ಹಾಳಿ ಬೆಟಗೇರಿ ಪ್ರೆಸ್ಸಿನ ರದ್ದಿ;
ತಿರುವಿ ನೋಡಿದರ ಅರ್ಧ ಲಗ್ನಪತ್ರಿಕೆ,
ಚಿ.ಸೌ. ಅಂತ ಸುರುವಾಗಿ ಹೆಸರಿಲ್ಲದ ನಿಂತದ್ದು.
ಕೊರೆದ ಕೈ ಯಾರದು, ನನಗ ಗೊತ್ತು.
ಕೇಳಬ್ಯಾಡ್ರಿ.

ಹಾಸಿಗಿ ಕೆಳಗ ಸಪಾಟ ಮಾಡಿಟ್ಟಿದ್ದೆ.
ಮನ್ಯಾಕಿ ಕಂಡಳು, ಕೈ ಸೆರಗಿಗೆ ಒರೆಸಿ ಮುಟ್ಟಿದಳು:
‘ಮೂವತ್ತು ವರ್ಷ ನಮ್ಮವ್ವ ಅಲ್ಲೇ ಕುಂತು ಮೆಂತೆ ಮಾರಿದಳು.
ಆಗ ಯಾರೂ ಏಳು ಅನ್ನಲಿಲ್ಲ.’

ಇವತ್ತು ಮತ್ತ ಬ್ರಷ್ ಹಿಡಿದು ಹೋದೆ.
ಗದಗ ಮಾರ್ಕೆಟ್ಟಿನ ಗ್ವಾಡಿ ಬೆಳ್ಳಗ, ಖಾಲಿ.
ಬುಡಕ್ಕ ಅವರು, ಸಾಲಾಗಿ,
ಮೆಂತೆ, ಹಕ್ಕರಕಿ, ಹುಣಸಿಚಿಗುರು.
ನನ್ನ ಕಂಡು ಒಬ್ಬಾಕಿ ಸರಿದು ಜಾಗ ಮಾಡಿದಳು.
ಬಕೆಟ್ ಇಳಿಸಿದೆ.