ಲೈನ್ ಹೋದಾಗ

ಅಕ್ಕಲಕೋಟ ರೋಡಿನ ಶೆಡ್ಡಿನಾಗ ಲೈನ್ ಹೋತು.
ಮಗ್ಗ ನಿಂತವು.
ಟಾವೆಲ್ಲಿನ ನವಿಲಿಗೆ ಇನ್ನೂ ಕುತ್ತಿಗಿ ಬಂದಿಲ್ಲ.

ಕತ್ತಲಾಗ ಸುಗಂಧಾಬಾಯಿ ನಕ್ಕಳು:
‘ನೀರಿನ ಲೈನಿನಾಗ ನಿಂತು
ನನಗ ಲೈನ್ ಹೊಡದಾಂವ ಈ ಸಾತಲಿಂಗಪ್ಪ,
ತನ್ನ ಕೊಡ ತುಂಬಿ ಹರದದ್ದು ಗೊತ್ತಿಲ್ಲದ.’

ಮಗಳು ಮಹಾನಂದಾ ಕಾಲೇಜಿನ ಡಿಕ್ಷನರಿ ತಗದು
ಮೊಬೈಲ್ ಬೆಳಕಿನಾಗ ಓದಿ ಹೇಳಿದಳು:
ಲೈನ್ ಅಂದ್ರ ಮೊದಲಿಗೆ ದಾರ.
ಲ್ಯಾಟಿನ್ ಮಂದಿ ಅಗಸಿ ನಾರು ಹೊಸದು
ಜಗ್ಗಿ ಹಿಡದು ಗ್ವಾಡಿ ಕಟ್ಟತಿದ್ದರಂತ.
ದಾರ ಹರದು ಹೋತು, ಗೆರಿ ಉಳೀತು.

ಅಗಸಿ!
ಸಾತಲಿಂಗಪ್ಪ ಬುತ್ತಿ ಬಿಚ್ಚಿ
ಕಡಕ್ ರೊಟ್ಟಿ ಮ್ಯಾಲಿನ ಹಿಂಡಿ ನೆಕ್ಕಿದ:
‘ಅಂದ್ರ ದಿನಾ ಲೈನ್ ತಿನ್ನಾಕತ್ತೀನಿ ನಾ.’

ನನಗ ತಂಗಿ ಹೊಲ ನೆನಪಾತು.
ಯಾರೋ ನಕಾಶದ ಮ್ಯಾಲ ಎಳೆದ ಲೈನು
ಬಾವಿ ಆಚೆ ಮಾಡಿ, ಬೇವಿನಮರ ಈಚೆ ಬಿಟ್ಟದ.
ಎಮ್ಮಿ ಅಲ್ಲಿ ಕುಡದು ಇಲ್ಲಿ ಮಲಗತದ.

ಅವ್ವ ಹೇಳತಿದ್ದಳು: ಅಗಸಿ ಎರಡು,
ಒಂದು ಒಳ್ಳಿನಾಗ, ಒಂದು ಊರ ಬಾಯಾಗ.
ಒಂದನ್ನ ಕುಟ್ಟಬೇಕು,
ಇನ್ನೊಂದನ್ನ ದೀಪ ಹಚ್ಚೂ ಹೊತ್ತಿನಾಗೂ
ತೆರೆದಿಡಬೇಕು, ಯಾರರೆ ಬರತಿರತಾರ.

‘ಇನ್ನಾ ಇಪ್ಪತ್ತು ಅರ್ಥ ಅದಾವ’ ಅಂದಳು ಮಹಾನಂದಾ.
ಅಷ್ಟರಾಗ ಲೈನ್ ಬಂತು.
ಮುಂದಿಂದು ಕೇಳಿಸಲಿಲ್ಲ.